ಇಬ್ಬರ ಖೋಲಿ

ಹಂಗಲ್ಲ ಮುಬಿನಾ, ಆ ಬ್ಯಾಗಿನ ಚೈನ್ ಆಮ್ಯಾಲ ಹಾಕು. ಒಂದೀಟ ನನ್ನ ಮಾರಿ ನೋಡಿ ಮಾತಾಡು... ಯಾಕ, ನೋಡಬಾರದಂತ ಏನರೆ ಐತೇನ? ನಾಕ ವರ್ಷ ಒಂದ ಖೋಲ್ಯಾಗ ಇದ್ದವ್ರು ನಾವು. ನಾಕ ವರ್ಷ! ಒಂದ ಗ್ಯಾಸಿನ ಮ್ಯಾಲ ಅಡಗಿ ಮಾಡಿ, ಒಂದ ಗಂಗಾಳದಾಗ ಕೈ ಹಾಕಿ ಉಂಡೇವಿ. ಅಂಥಾದ್ರಾಗ ನಿನ್ನ ವರ್ಗಾ ಆಗಿದ್ದು ನನಗ ಯಾರು ಹೇಳಬೇಕು? ಕಂಪೌಂಡರ್ ಬಸಣ್ಣ ಹೇಳಬೇಕು!

ನಿನ್ನೆ ಮಧ್ಯಾಹ್ನ ದವಾಖಾನ್ಯಾಗ ಆ ತಂಗಡಗಿ ಅಜ್ಜನ ಕಣ್ಣಿಗೆ ಔಷಧ ಬಿಡಾಕತ್ತಿದ್ನಿ. ಅಂವ ಬಂದು ಬಾಗಲದಾಗ ನಿಂತ, "ಸುವರ್ಣಾ ಸಿಸ್ಟರ, ಮುಬಿನಾ ಸಿಸ್ಟರ ಹೊಂಟಾರಂತಲ್ಲರಿ, ಪಾರ್ಟಿ ಯಾವಾಗ?" ಅಂದ. ನಾ ಅಂವನ ಕಡೆ ಹೊಳ್ಳಿ ನೋಡೂದ್ರಾಗ ಔಷಧ ಅಜ್ಜನ ಗಲ್ಲದ ಮ್ಯಾಲ ಬಿತ್ತು. "ಯವ್ವಾ, ಕಣ್ಣು ಇನ್ನೂ ಮ್ಯಾಲ ಐತಿ" ಅಂದ ಅಜ್ಜ. ವಾರ್ಡಿನ್ಯಾಗ ಎಲ್ಲಾರೂ ನಕ್ಕರು. ನಾನೂ ನಕ್ಕಂಗ ಮಾಡಿದ್ನಿ. "ಹೌದೋ ಬಸಣ್ಣಾ, ನನಗ ಮದ್ಲ ಗೊತ್ತಿತ್ತು" ಅಂದ್ನಿ. ಏನ್ಮಾಡ್ಲಿ? ಒಂದ ಖೋಲ್ಯಾಗ ಇರಾವ್ರಿಗೆ ಗೊತ್ತಿಲ್ಲ ಅಂದ್ರ ನಮ್ಮ ಮರ್ಯಾದಿ ಏನ ಉಳಿತು?

ಯಾಕ ನಗತಿ?... ನಕ್ಕಿಲ್ಲಾ? ತುಟಿ ಅಳಗಾಡಿತು, ನಾ ನೋಡಿದ್ನಿ.

ಹೋಗಬ್ಯಾಡ ಅಂತ ನಾ ಅನ್ನಾಕತ್ತಿಲ್ಲ. ನಮ್ಮ ಇಂಡಿ ದವಾಖಾನಿಗೆ ಹೋದ್ರ ನಿನಗ ಛಲೋನ. ನಿಮ್ಮ ಹಲಸಂಗಿ ಸನೇಕ ಆಗತೈತಿ, ದಿನಾ ಮನ್ಯಾಗ ಉಂಡು ಮನ್ಯಾಗ ಮಲಗತಿ. ಯಾರಿಗೆ ಬ್ಯಾಡ ಅದು? ಆದ್ರ ಕದ್ದ ಹೋಗೂದ್ಯಾಕ? ಮಂಗಳವಾರ ಟ್ರೇನಿಂಗ್ ಅಂತ ವಿಜಯಪುರಕ್ಕ ಹೋಗಿ ಬಂದಾಕಿ, ಅವತ್ತಿಂದ ಬಾಯಿ ಹೊಲಕೊಂಡ ಕುಂತಿ. ತೆಲಿ ನೋಯಿಸತೈತಿ ಅಂದಿ. ನಾ ಖರೇ ಅನ್ಕೊಂಡು ರಾತ್ರಿ ನಿನ್ನ ತೆಲಿಗೆ ಎಣ್ಣಿ ತಿಕ್ಕಾಕ ಬಂದ್ರ, ಗ್ವಾಡಿ ಕಡೆ ಮಾರಿ ಮಾಡಿದಿ. ಅಷ್ಟೊತ್ತಿಗೇ ಅರ್ಜಿ ಕೊಟ್ಟ ಬಂದಿದ್ದಿ. ಹೌದಿಲ್ಲೋ?

ನನ್ನ ಜೋಡಿ ಹಿಂಗ ಮಾಡೂದಾ ಮುಬಿನಾ? ನನ್ನ ಜೋಡಿ?

ನನಗ ಈ ಖೋಲಿ ಅಂದ್ರ ಏನು ಅನ್ನೂದು ಈ ಮುದ್ದೇಬಿಹಾಳದಾಗ ಗೊತ್ತಿದ್ದಾಕಿ ನೀ ಒಬ್ಬಾಕಿ. ಬಾಗೇವಾಡ್ಯಾಗಿನ ನಮ್ಮ ಮನಿ ಕೆಟ್ಟೈತೇನ? ಇಲ್ಲ. ನಮ್ಮನಿಯವ್ರು ಕೆಟ್ಟವ್ರೇನ? ಅಲ್ಲ. ಶನಿವಾರ ಸಂಜಿಮುಂದ ಬಸ್ ಸ್ಟ್ಯಾಂಡಿಗೆ ಗಾಡಿ ತಗೊಂಡ ಬರತಾರ, ದಾರ್ಯಾಗ ಬಿಸಿ ಜಿಲೇಬಿ ಕಟ್ಟಸ್ತಾರ. ಮಗಳು ಪಲ್ಲವಿ ಓಡಿ ಬಂದು ಕೊಳ್ಳಿಗೆ ಬೀಳತಾಳ. ನಮ್ಮತ್ತಿ ಸೈತ "ಬಂದೇನವಾ" ಅಂತಾಳ. ಅಲ್ಲಿತನಕ ಎಲ್ಲಾ ಛಲೋ. ಆಮ್ಯಾಲ? ಸೆರಗ ಸೊಂಟಕ್ಕ ಸಿಗಿಸಿದ್ರ, ಸೋಮವಾರ ಮುಂಜಾನಿ ಬಸ್ ಹತ್ತೂತನಕ ಬಿಚ್ಚಂಗಿಲ್ಲ. ವಾರದ ಅರಿಬಿ, ವಾರದ ಭಾಂಡೆ, ಬಂದವ್ರು, ಹೋದವ್ರು. ಎಲ್ಲಾರ ಗಂಗಾಳಕ್ಕ ಬಿಸಿ ರೊಟ್ಟಿ ಹಾಕಿ ನಾ ಕುಂದ್ರೂದ್ರಾಗ ಹಂಚ ಆರಿರತೈತಿ. "ನೀ ಉಂಡೇನ?" ಅಂತ ಒಬ್ಬರೂ ಕೇಳಂಗಿಲ್ಲ. ಕೇಳಬಾರದಂತಲ್ಲ. ಅವ್ರಿಗೆ ನೆನಪ ಆಗಂಗಿಲ್ಲ, ಅಷ್ಟ.

ಇಲ್ಲೆ... ಇಲ್ಲೆ ಡ್ಯೂಟಿ ಮುಗಿಸಿ ಬಾಗಲದಾಗ ಚಪ್ಪಲಿ ಬಿಡೂದ್ರಾಗ ನೀ ಒಳಗಿಂದ "ಅಕ್ಕಾ, ಚಾದಾಗ ಅಲ್ಲ ಜಜ್ಜಿ ಹಾಕೇನಿ, ಲಗೂನ ಬಾ" ಅಂತಿದ್ದಿ. ನನಗ ನಲವತ್ತೆರಡ ವರ್ಷ. ಲಗ್ನಾಗಿ ಈ ಊರಿಗೆ ಬರೂತನಕ ನನಗಂತ ಒಬ್ಬರರೆ ಒಂದ ಕಪ್ ಚಾ ಮಾಡಿ ಕೈಯಾಗ ಕೊಟ್ಟಾರೇನ, ಹೇಳು? ನಾ ಬಿಸಿನೀರಿನ ಬಕೀಟಿನ್ಯಾಗ ಕಾಲ ಇಳಿಬಿಟ್ಕೊಂಡು ಕುಂದ್ರತಿದ್ನಿ, ನೀ ರೊಟ್ಟಿ ಬಡೀತಿದ್ದಿ. ಹಂಚಿನ ಮ್ಯಾಲಿಂದ ಇಳಿದದ್ದು ನೆಟ್ಟಗ ನನ್ನ ಗಂಗಾಳಕ್ಕ! ಮ್ಯಾಲ ಶೇಂಗಾ ಹಿಂಡಿ, ಒಂದ ಚಮಚಾ ಎಣ್ಣಿ... ಐತವಾರ ಡ್ಯೂಟಿ ಬಿದ್ರ ನಾ ಒಳಗೊಳಗ ಖುಷಿ ಆಗತಿದ್ನಿ. ಡ್ಯೂಟಿ ಮುಗಿಸಿ ಬಂದು ತೆಲಿಮ್ಯಾಲ ನೀರ ಹಾಕ್ಕೊಂಡು, ಮಾಳಗಿ ಮ್ಯಾಲ ಕೂದಲ ಹರವಿ, ಪೇಪರ್ ಮದಲಿಂದ ಕಡೀತನಕ ಓದೂದು. ಯಾರೂ ಕರಿಯಂಗಿಲ್ಲ. ನನಗ ತತ್ತಿ ತಿನ್ನಾಕ ಕಲಿಸಿದಾಕಿನೂ ನೀನ. ಖಿಡಕಿ ಹಾಕ್ಕೊಂಡು ಕಳ್ಳರಂಗ ತಿಂದು, ವಾಸನಿ ಹೋಗಲಿ ಅಂತ ನಾಕ ಊದಿನಕಡ್ಡಿ ಹಚ್ಚಿದ್ವಿ, ಮನಿ ಮಾಲಕರು ಬಂದು "ಇವತ್ತೇನ್ರಿ ಪೂಜಾ?" ಅಂತ ಕೇಳಿದ್ರು...

ಈಗ ನಗು. ಈಗ ನಕ್ಕರ ನಡೀತೈತಿ... ಈಗರೆ ನಗವಾ.

ಸರಿ. ನಗಬ್ಯಾಡ.

ಆದ್ರ ಒಂದ ಮಾತು. ನಮ್ಮ ದವಾಖಾನಿಗೆ ಬಾಗೇವಾಡಿಯಿಂದ ದಿನಾ ಹೋಗಿ ಬಂದ ಮಾಡಾವ್ರು ಇಬ್ಬರದಾರ. ನಾನೂ ಮಾಡಬಹುದಿತ್ತು. ಮನ್ಯಾಗ ಏನ ಹೇಳೇನಿ? ಮುಂಜಾನಿ ಏಳಕ್ಕ ಆಪರೇಶನ್ ಇರತಾವು, ಬಸ್ಸಿಗೆ ಬಂದ್ರ ಆಗಂಗಿಲ್ಲ ಅಂತ. ಆಪರೇಶನ್ ಇರೂದು ವಾರದಾಗ ಎರಡ ದಿನ! ಈ ಸುಳ್ಳ ನಮ್ಮನಿಯವ್ರಿಗೆ ಗೊತ್ತಿಲ್ಲ, ನನ್ನ ತವರಮನಿಯವ್ರಿಗೆ ಗೊತ್ತಿಲ್ಲ. ನಿನಗ ಹೇಳಿದ್ನಿ. ಅಷ್ಟ ನಂಬಿದ್ನಿ ನಿನ್ನ. ಈ ಖೋಲ್ಯಾಗ ನಾ ನಿನ್ನ ಮುಂದ ಏನ ಮುಚ್ಚಿಟ್ಟೇನಿ? ಹೇಳು. ಒಂದರೆ ಹೇಳು.

...

ನಿನಗ ಟೈಫಾಯಿಡ್ ಆದಾಗ ಹದಿಮೂರ ದಿನ ಗಂಜಿ ಕುಡಿಸಿದಾಕಿ ಯಾರು? ದಸರಾದಾಗ ನಿಮ್ಮ ಅಮ್ಮಾಗ ಲಕ್ವಾ ಹೊಡದಾಗ ನಿನ್ನ ಡ್ಯೂಟಿ, ನನ್ನ ಡ್ಯೂಟಿ, ಎರಡೂ ಮಾಡಿದಾಕಿ ಯಾರು? ಹೇಳಿ ತೋರಸಾಕತ್ತಿಲ್ಲ ನಾ. ನೀ ಹಿಂಗ ಮಾಡಿದ್ದಕ್ಕ ಬಾಯಾಗ ಬಂತು. ನಿಮ್ಮ ಅಮ್ಮಾ ಅಮೀನಾಬಿ ನಿನ್ನಕಿಂತ ಹೆಚ್ಚ ನನ್ನ ನಂಬಿದ್ಳು, ಗೊತ್ತೈತೇನ? ನೀ ಡ್ಯೂಟಿಗೆ ಹೋದಾಗ ನನಗ ಫೋನ್ ಮಾಡತಿದ್ಳು. ಲಕ್ವಾಕ್ಕ ಮಾತು ತೊದಲತಿದ್ವು. "ಸುವರ್ಣಾಬಾಯಿ, ನಮ್ಮ ಹುಡುಗಿ ಇಂಡಿಗೆ ಬರೂ ಹಂಗ ಏನರೆ ಮಾಡ್ರಿ. ಎಡಗೈ ಏಳವಲ್ದು. ಸೊಸಿ ತೆಲಿ ಬಾಚತಾಳ ಖರೆ, ಆದ್ರ ಮಗಳ ಕೈ ಬ್ಯಾರೆ ಅಲ್ಲೇನ್ರಿ" ಅಂತಿದ್ಳು. ನಾ... ನಾ ಏನಂತಿದ್ನಿ? "ಜಾಗಾ ಎಲ್ಲಿ ಖಾಲಿ ಅದಾವರಿ ಅಮ್ಮಾ, ಖಾಲಿ ಆದ್ರ ಮದಲ ನಾನ ಹೇಳತೇನ್ರಿ" ಅಂತಿದ್ನಿ...

ಯಾಕ ಹಂಗ ನೋಡತಿ? ಇಷ್ಟೊತ್ತ ನೋಡಂದ್ರ ನೋಡಲಿಲ್ಲ, ಈಗ ನೋಡಿದಿ. ಕಣ್ಣ ಪಿಳಕಿಸದಂಗ.

ಏನ ತಪ್ಪ ಅಂದ್ನಿ ನಾ?

ನೋಡು, ಸಿಟ್ಟ ಬರೂದಿದ್ರ ಬರಲಿ, ನಾ ಕೇಳಾಕಿನ. ಈಗ್ಯಾಕ ಇಂಡಿ? ಅಮ್ಮಾ ಹೋಗಿ ಆರ ತಿಂಗಳಾತು. ಯಾರ ಸಲುವಾಗಿ ಹೋಗಬೇಕಂತಿದ್ದಿಯೋ ಅಕಿನ ಇಲ್ಲ. ಈಗ ಆ ಮನ್ಯಾಗ ನಿಮ್ಮಣ್ಣ, ಅಂವನ ಹೇಣತಿ, ಅವ್ರ ಮಕ್ಕಳು. ನಿನಗೊಂದ ಮೂಲಿ ಸಿಗತೈತೇನ ಅಲ್ಲಿ, ಕಾಲ ಚಾಚಾಕ? ಇಲ್ಲೆ ನಿನಗೇನ ಕಡಿಮಿ ಆಗೈತಿ?... ತಪ್ಪಾತು. ತಪ್ಪಾತು ಮುಬಿನಾ, ಅಮ್ಮಾನ ಮಾತ ತಗೀಬಾರದಿತ್ತು. ನೀ ಹೋಗೂದು ನನಗ ತಡಕೊಳ್ಳಾಕ ಆಗವಲ್ದು, ಅದಕ್ಕ ಬಾಯಿ ಹಿಂಗ ಹರಿದೈತಿ.

ಏನದು? ಆರ್ಡರಾ? ನನಗ್ಯಾಕ ಕೊಡತಿ, ಗೊತ್ತೈತಲ್ಲ... ತಾ, ನೋಡತೇನಿ. ತಡಿ, ಚಸ್ಮಾ ಎಲ್ಲಿಟ್ಟೇನಿ... ಹಾಂ. "ಶ್ರೀಮತಿ ಸುವರ್ಣಾ"... ಅಲ್ಲಲ್ಲ, ನನ್ನ ಹೆಸರ್ಯಾಕ ಓದಿದ್ನಿ. "ಕುಮಾರಿ ಮುಬಿನಾ, ಸ್ಟಾಫ್ ನರ್ಸ್, ಇವರನ್ನು ಸ್ವಂತ ಕೋರಿಕೆಯ ಮೇರೆಗೆ ಮುದ್ದೇಬಿಹಾಳ ಶಾಖೆಯಿಂದ..."

ಸಿಂದಗಿ?

ಸಿಂದಗಿ ಅಂತ ಬರದಾರ. ತಪ್ಪ ಟೈಪ್ ಮಾಡ್ಯಾರೇನ? ಇಂಡಿ ಅಲ್ಲೇನ?... ತಪ್ಪಲ್ಲಾ? ನೀನ ಸಿಂದಗಿ ಕೇಳಿದೇನ?

ಸಿಂದಗ್ಯಾಗ ಯಾರದಾರ ನಿನಗ? ಒಂದ ನರಪಿಳ್ಳಿ ಗೊತ್ತಿಲ್ಲ ನಿನಗ ಆ ಊರಾಗ. ಅಲ್ಲಿಂದ ಹಲಸಂಗಿಗೆ ಹೋಗಬೇಕಂದ್ರ ಎರಡ ಬಸ್ ಬದಲಿಸಬೇಕು. ಮತ್ತ ಖೋಲಿ ಹುಡುಕಬೇಕು, ಮತ್ತ ಹೊಸಾ ಜನ, ಒಬ್ಬಾಕಿನ ಅಡಗಿ ಮಾಡ್ಕೊಂಡು ಒಬ್ಬಾಕಿನ ಉಣಬೇಕು. ಇಲ್ಲೆ ಇದ್ದದ್ದನ್ನ ಬಿಟ್ಟ ಅಲ್ಲಿ ಯಾಕ... 

ಹಂಗಾದ್ರ ನೀ ಮನಿಗೆ ಹೊಂಟಿಲ್ಲ.

ಮಾತಾಡು ಮುಬಿನಾ. ನೀ ಮನಿಗೆ ಹೊಂಟಿಲ್ಲ, ಈ ಖೋಲಿ ಬಿಟ್ಟ ಹೊಂಟಿ. ನಾ ಏನ ಮಾಡಿದ್ನಿ ನಿನಗ? ಮಂಗಳವಾರ ಮುಂಜಾನಿ ಚಂದಾಗಿ ಹೋಗಿದ್ದಿ. "ಅಕ್ಕಾ, ಬರೂಮುಂದ ವಿಜಯಪುರದಿಂದ ಏನ ತರಲಿ" ಅಂತ ಕೇಳಿದ್ದಿ. ಅಲ್ಲಿ ಹೆಡ್ ಆಫೀಸಿನ್ಯಾಗ ಯಾರರೆ ಏನರೆ ಅಂದ್ರೇನ?... ಆ ಪ್ರೇಮಕುಮಾರ ಇದ್ದನೇನ, ವರ್ಗಾದ್ದು ನೋಡತಾನಲ್ಲ, ಅಂವ?

ಇದ್ದ. ನಿನ್ನ ಮಾರಿನ ಹೇಳತೈತಿ.

ಏನಂದ?

...ಏನರೆ ಅನ್ನು. ತೆಲಿಯರೆ ಅಳಗಾಡಿಸು. ಹಿಂಗ ಕಣ್ಣಾಗ ಕಣ್ಣಿಟ್ಟ ನಿಂತ್ರ ನಾ ಏನ ತಿಳಕೊಳ್ಳಲಿ? ಅಂವಗೇನ, ಹತ್ತ ಮಂದಿ ಜೋಡಿ ಹತ್ತ ಮಾತ ಆಡತಾನ. ಅಂವನ ಮಾತ ಹಿಡಕೊಂಡು ನೀ... ಮತ್ತ ಅದು ಖಾಯಂ ಜಾಗಾ ಅಲ್ಲ. ಆರ ತಿಂಗಳದ್ದಷ್ಟ! ಇಂಡಿ ಸಿಸ್ಟರ್ ಹೆರಗಿ ರಜಾ ಹಾಕಿದ್ಳು, ಅಕಿ ಬರೂತನಕ...

...

ನಾನ ಹೇಳಿದ್ನಲ್ಲ. ನೀ ಏನೂ ಕೇಳಲಿಲ್ಲ, ನಾನ ಹೇಳಿದ್ನಿ.

ಕುಂದ್ರು. ಒಂದ ನಿಮಿಷ ಕುಂದ್ರು. ಕೆಳಗ ನಿಂತ ಆಟೋದಾಂವಗ ತಡಿ ಅನ್ನತೇನಿ. ತಾಳಿಕೋಟಿ ಮ್ಯಾಲ ಹೋಗೂ ಬಸ್ಸಿಗೆ ಇನ್ನೂ ಟೈಮ್ ಐತಿ... ಬ್ಯಾಡಾ? ನಿಂತ ಕೇಳತೇನ? ನಿಂತರೆ ಕೇಳು.

ದೀಪಾವಳಿ ಮುಂದ ಫೋನ್ ಬಂದಿತ್ತು. ಹೌದು. ಪ್ರೇಮಕುಮಾರನ ಮಾಡಿದ್ದ. "ಇಂಡ್ಯಾಗ ಆರ ತಿಂಗಳ ಜಾಗಾ ಖಾಲಿ ಆಗತೈತಿ, ನಿಮ್ಮಿಬ್ಬರಾಗ ಯಾರ ಹೋಗತೀರಿ, ನೀವ ಸೀನಿಯರ್ ಅದೀರಿ, ಕೇಳಿ ಸಂಜಿಕ ತಿಳಸ್ರಿ" ಅಂದ. ನಾ ಅನ್ಕೊಂಡ್ನಿ, ಬರೇ ಆರ ತಿಂಗಳು, ಅಷ್ಟಕ್ಕ ನಿನ್ನ ಇಲ್ಲಿಂದ ಯಾಕ ಎಬ್ಬಿಸಬೇಕು. ಆರ ತಿಂಗಳಂದ್ರ ಎಷ್ಟ ದಿನ... ಅಮ್ಮಾ ಮೂರ ತಿಂಗಳ ಇದ್ಳು. ಗೊತ್ತು. ನಾನೂ ಎಣಿಸೇನಿ. ನೀ ಒಬ್ಬಾಕಿನ ಎಣಿಸಿದಿ ಅನ್ಕೊಂಡೇನ?

ಆದ್ರ ಅಮ್ಮಾ ಹೋಗತಾಳಂತ ನನಗ ಹೆಂಗ ಗೊತ್ತಾಗಬೇಕು? ಡಾಕ್ಟರ್ ಸುಧಾರಿಸತಾಳ ಅಂದಿದ್ದ. ನಿನ್ನ ಮುಂದನ ಅಂದಿದ್ದ! ಸಂಕ್ರಾಂತಿ ಆಗಿ ಎಂಟ ದಿನಕ್ಕ ನಸಿಕಲೆ ನಿಮ್ಮಣ್ಣನ ಫೋನ್ ಬಂದಾಗ ನಿನ್ನ ಬಸ್ಸಿಗೆ ಹತ್ತಿಸಿದಾಕಿ ನಾನ. ನೀ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು ಅಂತ ಫೋನಿನ್ಯಾಗ ಅತ್ತಿ, ನಾನೂ ಅತ್ನಿ. ಅದು ಸುಳ್ಳ ಅಳು ಅಲ್ಲ. ಆಣಿ ಮಾಡಿ ಹೇಳತೇನಿ, ಅದು ಸುಳ್ಳ ಅಳು ಅಲ್ಲ ಮುಬಿನಾ... ಆಮ್ಯಾಲಿಂದ ಎಷ್ಟ ಸಲ ಹೇಳಬೇಕಂತ ಬಾಯಿ ತೆರದೇನಿ. ನೀ ಗಂಗಾಳ ಮುಂದ ಸರಸತಿದ್ದಿ, "ಉಣ್ಣಕ್ಕಾ, ಆರತೈತಿ" ಅಂತಿದ್ದಿ. ಬಾಯಿ ಮುಚ್ಚಿ ಉಣ್ಣತಿದ್ನಿ.

ಬಯ್ಯಿ ನನಗ. ಹಿಂಗ ಸುಮ್ಮ ಹೋಗಬ್ಯಾಡ. ನಿನ್ನ ಭಾಷಾದಾಗ ಬಯ್ಯಿ, ನನಗ ತಿಳೀದಂಗ ಬಯ್ಯಿ. ನಾ ಮುಂಜಾನಿಂದ ನಿನಗ ಮೋಸ ಮಾಡಿದಾಕಿ ಅಂದ್ನಿ, ಕದ್ದ ಹೊಂಟಾಕಿ ಅಂದ್ನಿ, ಏನೇನೋ ಅಂದ್ನಿ, ನೀ ಎಲ್ಲಾ ಕೇಳಿದಿ. ಗೊತ್ತಿದ್ದೂ ಕೇಳಿದಿ! ನಾಕ ದಿನ ಗೊತ್ತಿದ್ದೂ ನನ್ನ ಬಾಜೂಕ ಮಲಗಿದಿ. ನಾ ಹೇಳತೇನೇನ ಅಂತ ದಾರಿ ನೋಡಿದೇನ?... ದಾರಿ ನೋಡಿದಿ. ಹೌದು.

ಆ ದೊಡ್ಡ ಬ್ಯಾಗ ಇಲ್ಲಿ ಕೊಡು, ನಾ ಇಳಸತೇನಿ. ಪಾವಟಿಗಿ ಇಕ್ಕಟ್ಟ ಅದಾವು, ಬೀಳತಿ... ಕೈ ಬಿಡಲೇನ? ಸರಿ. ಬಿಟ್ನಿ. ನೋಡು, ಬಿಟ್ನಿ.

ಒಂದ ಮಾತ ಕೇಳಿ ಹೋಗು, ಅಲ್ಲೆ ಪಾವಟಿಗಿ ಮ್ಯಾಲ ನಿಂತ ಕೇಳು. ಸಂಜಿತನಕ ಟೈಮ್ ಕೊಟ್ಟಿದ್ದ ಅಂವ. ನಾ ಸಂಜಿತನಕ ತಡೀಲಿಲ್ಲ. ನೀ ಇಲ್ಲೆ ಮಾಳಗಿ ಮ್ಯಾಲ ಅರಿಬಿ ಒಣ ಹಾಕಾಕತ್ತಿದ್ದಿ. ಒಂದ ಸಲ ಕೂಗಿದ್ರ ಕೇಳತಿತ್ತು. ಫೋನ್ ಕಿವಿಗೆ ಹಿಡಕೊಂಡು ಮ್ಯಾಲ ನೋಡಿದ್ನಿ. ನಿನ್ನ ಕಾಲ ಕಾಣತಿದ್ವು. "ಇಬ್ಬರಿಗೂ ಬ್ಯಾಡರಿ" ಅಂದ್ನಿ.

ಕೇಳಿದ್ರ ನೀ ಹೂಂ ಅಂತಿದ್ದಿ, ಮುಬಿನಾ.