ಸ್ಟ್ಯಾಂಡ್ ಜಗ್ಗಿದ್ದು ನನ್ನ ಮಗಳು

ಸಂಘದ ಅಧ್ಯಕ್ಷರಾದ ಬಸಯ್ಯನವರೇ, ದೂರದಿಂದ ಬಂದು ತೀರ್ಪು ಕೊಟ್ಟ ಮುಖ್ಯ ಅತಿಥಿಗಳೇ, ಅತ್ಯುತ್ತಮ ಮದುವೆ ವಿಡಿಯೊದ ಪದಕವನ್ನು ಈಗಷ್ಟೇ ಕೊರಳಿಗೆ ಹಾಕಿಸಿಕೊಂಡ ಮುತ್ತುರಾಜ ಅವರೇ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಒಂದು ದಿನದ ಮಟ್ಟಿಗೆ ಕ್ಯಾಮೆರಾ ಕೆಳಗಿಟ್ಟು ಬಂದ ವೃತ್ತಿಬಾಂಧವರೇ, ಅವರ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿರುವ ಅವರ ಹೆಂಡಂದಿರೇ, ಮತ್ತು ಸಭಿಕರೇ.

ಎರಡು ಮಾತಿನಲ್ಲಿ ಮುಗಿಸಬೇಕೆಂದು ನಿರೂಪಕರು ಕಿವಿಯಲ್ಲಿ ಹೇಳಿ ಹೋಗಿದ್ದಾರೆ. ಸನ್ಮಾನಿತರ ಪರವಾಗಿ ಒಬ್ಬ ಹೆಣ್ಣುಮಗಳು ಕೃತಜ್ಞತೆ ಹೇಳಿದರೆ ಶೋಭೆ ಎಂದು ಸಮಿತಿ ತೀರ್ಮಾನಿಸಿದೆಯಂತೆ. ನಾನೂ ಹಾಗೆಯೇ ತಯಾರಾಗಿ ಬಂದಿದ್ದೆ. ಆದರೆ ಅರ್ಧ ಗಂಟೆಯ ಹಿಂದೆ ಈ ಪರದೆಯ ಮೇಲೆ ಒಂದು ಚಿತ್ರ ತೋರಿಸಿದಿರಿ. ಅದನ್ನು ನೋಡಿದ ಮೇಲೆ ನನ್ನ ಎರಡು ಮಾತು ಎರಡರಲ್ಲಿ ಮುಗಿಯುವಂತಿಲ್ಲ. ಮೈಕು ಬಂದ್ ಮಾಡಿದರೂ ಅಡ್ಡಿಯಿಲ್ಲ, ಮದುವೆಯ ಮಂಗಲ ಕಾರ್ಯಾಲಯದ ಗದ್ದಲದಲ್ಲಿ ಕೂಗಿ ಕೂಗಿ ನನ್ನ ಗಂಟಲು ಪಳಗಿದೆ.

ಮೊದಲು ಈ ಫಲಕ. ಇದರ ಮೇಲೆ ಹೀಗಿದೆ: ‘ಆದರ್ಶ ತಾಯಿ ಶ್ರೀಮತಿ ಸುಧಾರಾಣಿ, ನವನಗರ. ಮಕ್ಕಳನ್ನು ಬೆಳೆಸುತ್ತಲೇ ವಿಡಿಯೊ ವೃತ್ತಿ ನಿಭಾಯಿಸಿದ್ದಕ್ಕಾಗಿ.’ ಇದು ಕ್ಯಾಮೆರಾ ಹಿಡಿಯುವವರ ಸಂಘ ಅಲ್ಲವೇ? ನನ್ನ ಮಕ್ಕಳು ಹೇಗೆ ಬೆಳೆದರು ಎಂದು ನೀವು ಯಾವಾಗ ಬಂದು ನೋಡಿದಿರಿ? ಇವತ್ತು ಈ ವೇದಿಕೆಯಲ್ಲಿ ಏಳು ಜನ ಗಂಡಸರಿಗೆ ಸನ್ಮಾನವಾಯಿತು. ಒಬ್ಬರಿಗೆ ಬೆಳಕಿಗೆ, ಒಬ್ಬರಿಗೆ ಡ್ರೋನ್ ಹಾರಿಸಿದ್ದಕ್ಕೆ, ಒಬ್ಬರಿಗೆ ಆಲ್ಬಂಗೆ. ಮುತ್ತುರಾಜ ಅವರಿಗೂ ಮೂವರು ಮಕ್ಕಳಿದ್ದಾರೆ. ಆದರ್ಶ ತಂದೆ ಎಂಬ ಫಲಕ ಅವರಿಗೆ ಏಕಿಲ್ಲ? ಮಕ್ಕಳು ಯಾವ ತರಗತಿ ಎಂದು ಕೇಳಿದರೆ ಮನೆಗೆ ಫೋನು ಹಚ್ಚುವ ಮನುಷ್ಯ ಅವರು! ನಗಬೇಡಿ, ನಿಮ್ಮಲ್ಲಿ ಬಹಳ ಮಂದಿ ಹಾಗೆಯೇ ಇದ್ದೀರಿ.

ನಾನು ಈ ಕೆಲಸಕ್ಕೆ ಬಂದದ್ದು ತಾಯಿಯಾಗಿ ಅಲ್ಲ. ಮದುವೆಗೆ ಮುಂಚೆ ಬಾದಾಮಿಯ ಒಂದು ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಕೂತು, ಬೇರೆಯವರು ತೆಗೆದ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತಿದ್ದೆ. ಮದುಮಕ್ಕಳ ಸುತ್ತ ಹೃದಯ ತಿರುಗಿಸುವುದು, ಮೇಲಿನಿಂದ ಗುಲಾಬಿ ಉದುರಿಸುವುದು, ಅದೆಲ್ಲ ನನ್ನ ಕೈಯದೇ. ದೇವರು ಆ ಪಾಪವನ್ನು ಮನ್ನಿಸಲಿ. ಆದರೆ ಹಾಗೆ ನೋಡಿ ನೋಡಿ ನನಗೊಂದು ವಿಷಯ ತಿಳಿಯಿತು. ಎಲ್ಲ ಕ್ಯಾಮೆರಾಗಳೂ ಸ್ಟೇಜಿನ ಮೇಲೆಯೇ ಇರುತ್ತಿದ್ದವು. ಮದುವೆ ಮಾಡಿ ದಣಿದವರು ಮದುವೆಯ ವಿಡಿಯೊದಲ್ಲಿ ಇರುತ್ತಲೇ ಇರಲಿಲ್ಲ. ಒಂದು ದಿನ ಅವರನ್ನು ನಾನು ತೆಗೆಯಬೇಕು ಅಂದುಕೊಂಡೆ.

ಜಯಶ್ರೀ ಹುಟ್ಟಿದಳು. ಸ್ಟುಡಿಯೊದ ಮಾಲಕರು, “ಕೂಸು ದೊಡ್ಡದಾದ ಮ್ಯಾಲ ಬಾರವಾ” ಎಂದರು. ಎಷ್ಟು ದೊಡ್ಡದು ಎಂದು ಹೇಳಲಿಲ್ಲ. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಾರೆ. ನಾನು ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡು ನವನಗರದ ಮನೆಮನೆಯ ಸೀಮಂತದ ಕುಬಸ, ನಾಮಕರಣದ ತೊಟ್ಟಿಲು, ಹುಟ್ಟುಹಬ್ಬ ತೆಗೆಯಲು ಶುರು ಮಾಡಿದೆ. ಬಸುರಿಯರು ನಾನಿದ್ದರೆ ಆರಾಮಾಗಿ ಕೂರುತ್ತಿದ್ದರು. ಆಮೇಲೆ ಇಳಕಲ್ಲಿನ ಅಮೀನಬಿ ತಮ್ಮ ಮಗಳ ಮದುವೆಯಲ್ಲಿ ಹೆಂಗಸರ ಕಡೆ ಗಂಡಸು ಕ್ಯಾಮೆರಾ ತರುವುದು ಬೇಡವೆಂದು ನನ್ನನ್ನು ಕರೆಸಿದರು. ಜಯಶ್ರೀಗೆ ಉಣ್ಣಿಸಿ, ಸೀರೆಗಳ ಗಂಟಿನ ಮೇಲೆ ಮಲಗಿಸಿ, “ನೀ ನಿನ್ನ ಕೆಲಸಾ ಮಾಡವಾ, ಕೂಸಿನ ಕಡೆ ನಾವು ಅದೀವಿ” ಎಂದರು. ವಿಡಿಯೊ ಕೆಟ್ಟರೆ ಸುಮ್ಮನೆ ಬಿಡುವುದಿಲ್ಲ ಎಂದೂ ಹೇಳಿದರು. ಅವರು ನನಗೆ ಯಾವ ಫಲಕವನ್ನೂ ಕೊಡಲಿಲ್ಲ. ಆದರೆ ಕೆಲಸ ಮಾಡುವವಳನ್ನು ಗೌರವಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು.

ನಮ್ಮ ಸಂಘಕ್ಕೆ ಗೊತ್ತಿರಲಿಲ್ಲ. ಸದಸ್ಯತ್ವ ಕೇಳಿಕೊಂಡು ಬಂದಾಗ ಬಸಯ್ಯನವರು, “ನಿನಗ್ಯಾಕ ಬೇಕವಾ ಅದು, ನಾವೆಲ್ಲ ಅದೀವಲ್ಲ” ಎಂದು ಚಹಾ ಕುಡಿಸಿ ಕಳಿಸಿದರು. ಆ ಚಹಾ ಕುಡಿದು ಬಹಳ ವರ್ಷವಾಯಿತು. ಸದಸ್ಯತ್ವ ಇನ್ನೂ ಬಂದಿಲ್ಲ.

ಸಂಘ ಸೇರಿಸಿಕೊಳ್ಳದಿದ್ದರೂ ಸಂಘದವರು ಕೆಲಸಕ್ಕೆ ಕರೆದರು. ಎರಡನೇ ಕ್ಯಾಮೆರಾ. ಇಲ್ಲಿ ಈ ವೃತ್ತಿ ಗೊತ್ತಿಲ್ಲದವರೂ ಕೂತಿದ್ದಾರೆ, ಅವರಿಗಾಗಿ ಹೇಳುತ್ತೇನೆ. ದೊಡ್ಡ ಕ್ಯಾಮೆರಾದವರು ಸ್ಟೇಜಿನ ಮೇಲೆ ನಿಲ್ಲುತ್ತಾರೆ, ಎರಡನೆಯವರು ಉಳಿದದ್ದನ್ನು ತೆಗೆಯುತ್ತಾರೆ. ಮದುವೆ ಮುಗಿದ ಮೇಲೆ ಎರಡನೆಯವರು ತಮ್ಮ ಮೆಮೊರಿ ಕಾರ್ಡನ್ನು ಸ್ಟುಡಿಯೊಗೆ ಒಪ್ಪಿಸಿ ಬರಿಗೈಲಿ ಮನೆಗೆ ಹೋಗುತ್ತಾರೆ. ಮುಂದೆ ಅದಕ್ಕೆ ಹೆಸರು ಸ್ಟುಡಿಯೊದ್ದು.

ಹತ್ತು ವರ್ಷದ ಹಿಂದೆ ಶಿರೂರಿನಲ್ಲಿ ಬೀರಪ್ಪ ದೇವರ ಒಕ್ಕಲಿನವರ ಮನೆಯ ಒಂದು ಮದುವೆ. ಮುತ್ತುರಾಜ ಅವರದು ದೊಡ್ಡ ಕ್ಯಾಮೆರಾ, ನನ್ನದು ಎರಡನೆಯದು. ತೊಟ್ಟಿಲಲ್ಲಿದ್ದ ಮಗನನ್ನು ನಮ್ಮ ಅತ್ತೆ ನೋಡಿಕೊಂಡರು. ಐದು ವರ್ಷದ ಜಯಶ್ರೀಯನ್ನು ನಾನು ಕರೆದೊಯ್ದಿದ್ದೆ. ಅವಳನ್ನು ನೋಡಿದ ಕೂಡಲೇ ಮುತ್ತುರಾಜ, “ಸ್ಟೇಜಿನ ಮ್ಯಾಲ ಬರಬ್ಯಾಡ್ರಿ ಅಕ್ಕಾರ, ಕೂಸಿನ್ನ ಕರಕೊಂಡು ಹೆಣ್ಣಮಕ್ಕಳ ಕಡೆ ನಿಂದರ್ರಿ” ಎಂದರು. ನಿಂತೆ. ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲನ್ನು ಜಯಶ್ರೀ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ ಎಂದೆ. ಅವಳು ಕಳೆದುಹೋಗದಂತೆ ನಾನು ಕಂಡುಕೊಂಡ ಉಪಾಯ ಅದು. ಎಷ್ಟೋ ಮದುವೆ ಹಾಗೆಯೇ ಮುಗಿಸಿದ್ದೇವೆ ನಾವಿಬ್ಬರೂ.

ಅಯ್ಯಗಳು ಮಂತ್ರ ಹೇಳಿದರು, ವಾಲಗ ಏರಿತು, ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದವು. ಎಲ್ಲರೂ ಸ್ಟೇಜು ನೋಡುತ್ತಿದ್ದರು. ನಾನು ಹಂದರದ ಕಂಬದ ಕಡೆ ತಿರುಗಿದೆ. ಮದುಮಗಳ ತಾಯಿ ಹುಚ್ಚವ್ವ ಅಲ್ಲಿ ಒಬ್ಬರೇ ನಿಂತಿದ್ದರು. ಮುಷ್ಟಿಯ ತುಂಬ ಅಕ್ಕಿಕಾಳು. ಕೈ ಎತ್ತಿದರು, ಒಗೆಯಲಿಲ್ಲ, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ವಾಲಗ ನಿಂತಿತು, ಜನ ಊಟಕ್ಕೆ ಎದ್ದರು, ಅವರ ಮುಷ್ಟಿ ಮುಚ್ಚಿಯೇ ಇತ್ತು. ಕೊನೆಗೆ ಆ ಕಾಳನ್ನು ಸೆರಗಿನ ತುದಿಗೆ ಸುರುವಿಕೊಂಡು ಗಂಟು ಹಾಕಿದರು.

ನಾನು ಅಷ್ಟನ್ನೂ ತೆಗೆದೆ. ತೆಗೆಯುವಾಗಲೇ ಜಯಶ್ರೀ ಸ್ಟ್ಯಾಂಡ್ ಜಗ್ಗಿದಳು. “ಯವ್ವಾ, ಇನ್ನೂ ಮುಗದಿಲ್ಲೇನ?” ಎಂದಳು. ಅವಳಿಗೆ ಒಂದಕ್ಕೆ ಅವಸರವಾಗಿತ್ತು. ನನಗೆ ಗೊತ್ತಾಯಿತು. ತಿರುಗಿದರೆ ಸೆರಗಿನ ಗಂಟು ತಪ್ಪುತ್ತಿತ್ತು. ನಾನು ತಿರುಗಲಿಲ್ಲ. ನನಗೆ ಗಂಟು ಸಿಕ್ಕಿತು, ಅವಳ ಫ್ರಾಕು ಒದ್ದೆಯಾಯಿತು.

ಇದನ್ನು ಹೇಳಬೇಕೆಂದು ಎದ್ದವಳಲ್ಲ ನಾನು. ಬಾಯಿಂದ ಬಂದುಬಿಟ್ಟಿತು. ಜಯಶ್ರೀ, ಅಲ್ಲಿ ಕೂತು ತಲೆ ತಗ್ಗಿಸಬೇಡ ಮಗಳೇ, ಇಲ್ಲಿ ಕೂತವರೆಲ್ಲ ಒಂದು ಕಾಲಕ್ಕೆ ಚಡ್ಡಿ ಒದ್ದೆ ಮಾಡಿಕೊಂಡವರೇ. ಅವತ್ತು ನವನಗರಕ್ಕೆ ಬರುವ ಬಸ್ಸಿನಲ್ಲಿ, ಅದೇ ಒದ್ದೆ ಫ್ರಾಕಿನಲ್ಲಿ ನನ್ನ ತೊಡೆಯ ಮೇಲೆ ಕೂತು ಇವಳು ಕೇಳಿದ್ದು ಒಂದೇ ಮಾತು. “ಆ ಅವ್ವ ಗಂಟು ಕಟ್ಟಿದ್ದು ಬಂತೇನ?” ಬಂತು ಎಂದೆ. ಐದು ವರ್ಷದ ಕೂಸು ಕಂಡಿತ್ತು. ಸ್ಟೇಜಿನ ಮೇಲಿದ್ದವರು ಕಂಡಿರಲಿಲ್ಲ.

ಮರುದಿನ ಕಾರ್ಡು ನೋಡಿದ ಮುತ್ತುರಾಜ ಏನೆಂದರು ಗೊತ್ತೇ? “ತಾಳಿ ಕಟ್ಟೂ ಹೊತ್ತಿನ್ಯಾಗ ಕಂಬದ ಕಡೆ ಯಾಕ ತಿರುಗಿದ್ರಿ ಅಕ್ಕಾರ? ಇದನ್ನ ಯಾರು ನೋಡ್ತಾರ?” ಮದುವೆಯ ವಿಡಿಯೊ ಕೈಗೆ ಬಂದಾಗ ಹುಚ್ಚವ್ವ ನೋಡಿದರು. ಯಾರದೋ ಫೋನಿನಿಂದ ನನ್ನನ್ನು ಹುಡುಕಿ ಮಾತಾಡಿದರು. “ನನ್ನ ಯಾರೂ ನೋಡ್ಲಿಲ್ಲ ಅಂತ ಮಾಡಿದ್ದೆ. ನೀ ನೋಡಿದ್ದಿ” ಎಂದರು. ನನಗೆ ಅವತ್ತು ಸನ್ಮಾನ ಆಗಿದೆ. ಈ ಶಾಲಿಗಾಗಿ ನಾನು ಹಸಿದು ಕೂತಿರಲಿಲ್ಲ.

ಇವತ್ತು ಅದೇ ಮುಷ್ಟಿ, ಅದೇ ಗಂಟು ಈ ಪರದೆಯ ಮೇಲೆ ಬಂತು. ಕೆಳಗೆ ಹೆಸರು ಮುತ್ತುರಾಜ. ಮುಖ್ಯ ಅತಿಥಿಗಳೇ, ನೀವು ಹೊಗಳಿದ ಮಾತು ನನಗೆ ಬಾಯಿಪಾಠವಾಗಿದೆ. ತಾಯಿಯ ಮುಖದ ಮೇಲೆ ಮಗುವಿನ ಧ್ವನಿ ಇಟ್ಟ ಕಲ್ಪನೆ ಅದ್ಭುತ ಎಂದಿರಿ. ಹೊರಟುನಿಂತ ಮಗಳ ಬಾಲ್ಯವೇ ಕರೆದಂತಿದೆ ಎಂದಿರಿ. ಆ ಕ್ಷಣ ಚಿತ್ರ ತುಸು ನಡುಗುತ್ತದೆ, ಅದು ತಾಯಿಯ ಎದೆಯ ನಡುಕ ಎಂದಿರಿ. ಸ್ವಾಮಿ, ಅದು ಕಲ್ಪನೆಯಲ್ಲ. ಎದೆಯ ನಡುಕವೂ ಅಲ್ಲ. ಸ್ಟ್ಯಾಂಡ್ ಜಗ್ಗಿದ್ದು ನನ್ನ ಮಗಳು. ಸಭೆ ಚಪ್ಪಾಳೆ ತಟ್ಟಿತು, ಮುತ್ತುರಾಜ ಅವರು ನೀರಿನ ಬಾಟಲಿ ಎತ್ತಿ ಕುಡಿದರು, ನನ್ನ ಕಡೆ ನೋಡಲಿಲ್ಲ. ಈಗಲೂ ನೋಡುತ್ತಿಲ್ಲ.

ನನಗೆ ಸಿಟ್ಟು ಏಕೆ ಬಂದಿದೆ ತಿಳಿಯಿತೇ? ನನ್ನ ಮಗಳು ಕರೆದಾಗ ನಾನು ತಿರುಗದೆ ಇದ್ದದ್ದು ಆ ಒಂದು ದೃಶ್ಯಕ್ಕಾಗಿ. ಆ ದೃಶ್ಯದ ಪದಕವನ್ನು ಅವರ ಕೊರಳಿಗೆ ಹಾಕಿ, ತಿರುಗದ ನನ್ನನ್ನು ಆದರ್ಶ ತಾಯಿ ಎಂದು ಕರೆದಿದ್ದೀರಿ. ಅವತ್ತು ನಾನು ಆದರ್ಶ ತಾಯಿ ಆಗಿರಲಿಲ್ಲ. ಅವತ್ತು ನಾನು ಒಳ್ಳೆಯ ಕ್ಯಾಮೆರಾದವಳಾಗಿದ್ದೆ. ಅದನ್ನು ಹೇಳಲು ನಿಮಗೆ ಏಕೆ ಇಷ್ಟು ಕಷ್ಟ?

ಮುಂದಿನ ತಿಂಗಳು ಈ ಚಿತ್ರ ರಾಜ್ಯ ಸಮ್ಮೇಳನಕ್ಕೆ ಹೋಗುತ್ತದೆ ಎಂದು ಅಧ್ಯಕ್ಷರು ಘೋಷಿಸಿದ್ದಾರೆ. ಹೋಗಲಿ. ಆದರೆ ಹುಚ್ಚವ್ವನನ್ನು ಕಂಡವಳ ಹೆಸರು ಅದರ ಮೇಲೆ ಇರಬೇಕು. ಇಂದು, ಈ ಸಭೆ ಏಳುವ ಮುನ್ನ, ಇದೇ ಮೈಕಿನಲ್ಲಿ ಮುತ್ತುರಾಜ ಅವರು ಅದನ್ನು ಹೇಳಬೇಕು. ಹೀಗೆ ಕೇಳಿದರೆ ನಾಳೆಯಿಂದ ನನಗೇನಾಗುತ್ತದೆ ಎಂದು ಗೊತ್ತಿದೆ. ನನ್ನ ಅರ್ಧ ಕೆಲಸ ಈ ವೇದಿಕೆಯ ಮೇಲೆ ಕೂತವರು ಕೊಡುವುದು. ಈ ಸೀಸನ್ನಿಗೆ ಯಾರ ಫೋನೂ ಬರಲಿಕ್ಕಿಲ್ಲ. ನಾನು ಮತ್ತೆ ಕುಬಸ, ತೊಟ್ಟಿಲು ತೆಗೆಯುತ್ತೇನೆ. ಬಸುರಿಯರು ಸಂಘದ ಒಪ್ಪಿಗೆ ಕೇಳಿ ಬಸುರಾಗುವುದಿಲ್ಲವಲ್ಲ.

ನನ್ನ ಮಾತು ನಂಬಬೇಡಿ, ನಿಮ್ಮ ಕಣ್ಣು ನಂಬಿ. ಪ್ರೊಜೆಕ್ಟರ್ ಹತ್ತಿರ ತೌಸಿಫ ಇದ್ದಾನೆ. ತೌಸಿಫ, ಕಂಬದ ಹತ್ತಿರದ್ದು ಐತಲ್ಲಪ್ಪಾ, ಅದನ್ನಷ್ಟ ಇನ್ನೊಮ್ಮೆ ಹಚ್ಚು. ಅಧ್ಯಕ್ಷರ ಮುಖ ನೋಡಬ್ಯಾಡ, ಹಚ್ಚು. ಸಭಿಕರೇ, ಹುಚ್ಚವ್ವನನ್ನು ನೀವು ಒಮ್ಮೆ ನೋಡಿದ್ದೀರಿ. ಈ ಸಲ ಅವರ ಹೆಗಲಿನ ಹಿಂದೆ, ದೂರದ ಸ್ಟೇಜಿನ ಮೇಲೆ ನೋಡಿ. ಹಳದಿ ಅಂಗಿಯವರೊಬ್ಬರು ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನಿಂತಿದ್ದಾರೆ.

ನೋಡಿದಿರಾ? ಯಾರು ಅದು? ಜೋರಾಗಿ ಹೇಳಬೇಕಾಗಿಲ್ಲ, ಮುತ್ತುರಾಜ ಅವರಿಗೆ ತಮ್ಮ ಅಂಗಿಯ ಗುರುತು ಸಿಕ್ಕಿರುತ್ತದೆ. ತಾನು ತೆಗೆದ ದೃಶ್ಯದಲ್ಲಿ ತಾನೇ ಅಷ್ಟು ದೂರ ನಿಂತಿರುವ ವಿದ್ಯೆ ನನಗೆ ತಿಳಿಯದು, ಅವರು ಬಂದು ಕಲಿಸಿಕೊಡಲಿ. ಅವರು ಬರಲೆಂದು ಮೈಕು ತೆರೆದೇ ಬಿಟ್ಟು ಹೋಗುತ್ತೇನೆ.

ಈ ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಡುತ್ತೇನೆ, ಬಿರುದು ಸರಿಪಡಿಸಿ ಕೊಡಿ. ಶಾಲು ಮಾತ್ರ ಕೊಡುವುದಿಲ್ಲ. ಅದು ನಮ್ಮ ಅತ್ತೆಗೆ, ಮಗನ ತೊಟ್ಟಿಲು ತೂಗಿದವರು ಅವರು. ಕೂಸಿನ ಕಡೆ ನೋಡಿದ ಅಮೀನಬಿಗೆ, ನನ್ನನ್ನು ಹುಡುಕಿ ಮಾತಾಡಿದ ಹುಚ್ಚವ್ವನಿಗೆ, ಧೈರ್ಯ ಮಾಡಿ ಗುಂಡಿ ಒತ್ತಿದ ತೌಸಿಫನಿಗೆ, ಮೈಕು ಬಂದ್ ಮಾಡದ ನಿಮಗೆ, ನಾನು ಋಣಿ.

ಒಬ್ಬಳಿಗೆ ಮಾತ್ರ ಒಂದು ಉತ್ತರ ಬಾಕಿ ಇದೆ. ಹತ್ತು ವರ್ಷದ ಹಿಂದೆ ಕೇಳಿದ್ದಳು, ಈಗ ಪರದೆಯ ಮೇಲೆ ಮತ್ತೆ ಕೇಳಿದಳು. ಇಲ್ಲವಾ ಜಯಶ್ರೀ, ಇನ್ನೂ ಮುಗದಿಲ್ಲ. ಸ್ಟ್ಯಾಂಡ್ ಗಟ್ಟಿಯಾಗಿ ಹಿಡಕೋ.

ಎಲ್ಲರಿಗೂ ನಮಸ್ಕಾರ.