ಎಡಗಿವಿಯ ಮಗು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕರೆಂಟೂ ಹೋಗಿತ್ತು. ಮೊಮ್ಮಕ್ಕಳೆಲ್ಲ ಅಜ್ಜಿಯ ಮಂಚದ ಸುತ್ತ ಸೇರಿದೆವು. ಎಂಟು ತಿಂಗಳ ಬಸುರಿ ಅಕ್ಕ ಆಗತಾನೇ ಬಂದು ಅಜ್ಜಿಯ ಪಕ್ಕದಲ್ಲಿ ದಿಂಬಿಗೊರಗಿದಳು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಅಜ್ಜಿ, ಅಕ್ಕನ ಹೊಟ್ಟೆಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. "ನನ್ನ ಮಗು ಏನು ಪಾಪ ಮಾಡಿದೆ ಅಜ್ಜಿ? ಒಂದ್ಸಲ ಕಿವಿಯಿಟ್ಟು ಕೇಳಬಾರದಾ?" ಎಂದು ಅಕ್ಕ ಛೇಡಿಸಿದಳು. ಅಜ್ಜಿ ನಗಲಿಲ್ಲ. ಎಡಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಮಾತು ಶುರುಮಾಡಿದಳು.

"ಕೇಳ್ಬೇಕಾ? ಕೇಳಿ ಹಾಗಾದ್ರೆ. ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ... ಆವಾಗ ಸ್ಕ್ಯಾನಿಂಗು ಗೀನಿಂಗು ಏನೂ ಇರ್ಲಿಲ್ಲ. ಗೇಣುದ್ದದ ಮರದ ಕೊಳವೆ, ಒಂದು ತುದಿ ಬಸುರಿ ಹೊಟ್ಟೆ ಮೇಲೆ, ಇನ್ನೊಂದು ನಮ್ಮ ಕಿವೀಲಿ, ಅಷ್ಟೆ. ಆದ್ರೆ ಕೊಳವೆ ಇಟ್ಟಾಗ ಇನ್ನೊಂದು ಕೈಲಿ ತಾಯಿ ಮಣಿಕಟ್ಟು ಹಿಡ್ಕೊಂಡಿರ್ಬೇಕು. ಯಾಕೆ ಹೇಳಿ? ಭಯ ಬಿದ್ದ ತಾಯಿ ನಾಡಿ ಕೂಡ ಮಗು ಎದೆ ಹಾಗೇ ಓಡುತ್ತೆ. ಎರಡೂ ಒಟ್ಟಿಗೇ ಹೊಡೆದ್ರೆ ನೀವು ಕೇಳ್ತಿರೋದು ತಾಯೀದು, ಮಗೂದಲ್ಲ.

ಒಂದಿನ ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ಒಬ್ಳು ಬಂದ್ಲು, ಬಟ್ಟೆ ಹೊಲಿಯೋಳು, ಚೊಚ್ಚಲ ಬಸುರಿ, ಸೀರೆಗೆಲ್ಲ ನೂಲಿನ ತುಂಡು ಅಂಟ್ಕೊಂಡಿತ್ತು. 'ನಿನ್ನೆಯಿಂದ ಮಿಸುಕ್ತಿಲ್ಲ ಸಿಸ್ಟರ್' ಅಂದ್ಲು. ನಂಗೋ ಹೊಟ್ಟೆ ಚುರುಗುಟ್ತಿತ್ತು. ಒಂದು ಕೈಲಿ ಕೊಳವೆ, ಇನ್ನೊಂದು ಕೈಲಿ... ನನ್ನ ಚೀಲ. ಮನೆಗೆ ಹೊರಡೋ ಆತುರ! ಕಿವಿ ತುಂಬ ಟುಕುಟುಕು ಟುಕುಟುಕು. 'ಚೆನ್ನಾಗಿ ಓಡ್ತಿದೆ ಕಣಮ್ಮ, ಹೋಗಿ ನಿದ್ದೆ ಮಾಡು' ಅಂದೆ. ನಗ್ತಾ ಹೋದ್ಲು.

ಮಾರನೇ ದಿನ ಸತ್ತೇ ಹುಟ್ತು. ಹಿಂದಿನ ದಿನವೇ ಹೊರಗೆ ತೆಗೆದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು. ಒಳಗೆ ಅದರ ಎದೆ ಸಣ್ಣಗೆ ಹೊಡ್ಕೊಳ್ತಿದ್ದಿರ್ಬೇಕು, ನಾನು ಕೇಳಿದ್ದು ಅದರಮ್ಮನ ನಾಡಿ. ಕೊಂದಿದ್ದು ನಾನೇ. ಸುತ್ತಿ ಬಳಸಿ ಯಾಕೆ ಹೇಳ್ಲಿ?

ಅವತ್ತೇ ಶುರುವಾಯ್ತು ಎಡಗಿವೀಲಿ, ಟುಕುಟುಕು... 'ನಿಮ್ಮದೇ ರಕ್ತ ಹರಿಯೋ ಸದ್ದು, ಎಷ್ಟೋ ಜನಕ್ಕಿರುತ್ತೆ, ನಾಡಿ ಹಿಡಿದು ನೋಡಿ, ತಾಳೆ ಆಗುತ್ತೆ' ಅಂದ್ರು ಕಿವಿ ಡಾಕ್ಟ್ರು. ಹಿಡಿದೆ. ನನ್ನ ನಾಡಿ ನಿಮಿಷಕ್ಕೆ ಎಪ್ಪತ್ತು. ಕಿವೀಲಿ ನೂರ ನಲವತ್ತು! ಬಾಯಿ ಮುಚ್ಕೊಂಡು ಎದ್ದು ಬಂದೆ. ಐದು ವರ್ಷ ಕಳೆಯೋ ಹೊತ್ತಿಗೆ ನೂರಕ್ಕೆ ಇಳೀತು. ಐದು ವರ್ಷದ ಮಗೂದು ಅಷ್ಟೇ ಇರುತ್ತೆ ಕಣ್ರೋ... ಬೀದೀಲಿ ಮಕ್ಕಳು ಆಡ್ವಾಗ ಅದೂ ಏದುಸಿರು ಬಿಟ್ಟ ಹಾಗೆ ಜೋರಾಗೋದು. ಅದಕ್ಕೆ ಇಪ್ಪತ್ತು ವರ್ಷ ಆದಾಗ ನಂದೂ ಅದೂ ಒಂದೇ ವೇಗ, ಆದ್ರೆ ಯಾವತ್ತೂ ಒಟ್ಟಿಗೆ ಬೀಳ್ಲಿಲ್ಲ. ಹಾಲೂ ಕುಡೀದೆ, ಹೆಸರೂ ಇಲ್ದೆ, ನನ್ನ ಕಿವೀಲೇ ದೊಡ್ಡದಾಯ್ತು.

ಬೆಳೆದ ಮೇಲೆ ಒಂದೇ ಒಂದು ಸಲ ಅದು ಮತ್ತೆ ಕೂಸಿನ ಹಾಗೆ ಹೊಡ್ಕೊಂಡಿತ್ತು. ಪಕ್ಕದ ಮನೆ ಮೇಷ್ಟ್ರ ಸೊಸೆ, ತುಂಬು ಬಸುರಿ, ಹರಟೆಗೆ ಅಂತ ಬಂದು ನನ್ನ ಪಕ್ಕ ಕೂತಿದ್ಲು. ನಾನು ತುಟಿ ಬಿಚ್ಚಲಿಲ್ಲ. ಏನಂತ ಹೇಳ್ಲಿ? ನನ್ನ ಕಿವಿ ಹೇಳ್ತು ಅಂತ್ಲಾ? ಆ ಮನೆ ತೊಟ್ಟಿಲು ಖಾಲಿನೇ ಉಳೀತು..."

ಅಜ್ಜಿ ಅಕ್ಕನ ಕಡೆ ತಿರುಗಿದಳು.

"ನೀನು ಬಂದು ಕೂತಾಗಿಂದ ಮತ್ತೆ ನೂರ ನಲವತ್ತು, ಪುಟ್ಟಿ. ಸುಮ್ನೆ ಆಸ್ಪತ್ರೆಗೆ ಹೊರಡು ಅಂದಿದ್ರೆ ಮುದುಕಿಗೆ ಅರಳುಮರಳು ಅಂತಿದ್ರಿ, ಅದಕ್ಕೇ ಇಷ್ಟೆಲ್ಲ ಹೇಳಿದ್ದು. ನಿಜ ಹೇಳು, ಮಗು ಕೊನೇ ಸಲ ಮಿಸುಕಿದ್ದು ಯಾವಾಗ?"

ಅಕ್ಕನ ಕೈ ಹೊಟ್ಟೆಯ ಮೇಲೆ ಹೋಯಿತು. ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿದಳು.

"ಬೆಳಗ್ಗೆ... ಇಲ್ಲ, ನೆನಪಾಗ್ತಿಲ್ಲ ಅಜ್ಜಿ."

"ಕಾರು ತೆಗೀರೋ!" ಎಂದು ಅಜ್ಜಿ ಕೂಗಿದಳು. "ಏಳಿ, ಬೇಗ ಏಳಿ... ಕಿವೀಲಿ ನಿಧಾನ ಆಗ್ತಿದೆ ಅದು."