ಹಿಂದಕ್ಕೆ ಚಾಚಿದ ಕೈ

ಭೋರ್ ದಾಟಿ ಘಟ್ಟ ಹತ್ತುವ ರಸ್ತೆಗೆ ಕಳೆದ ವರ್ಷವೇ ಹೊಸ ಡಾಂಬರು ಹಾಕಿದ್ದೇವೆ ಎಂದು ಬುಡದಲ್ಲೊಂದು ಬೋರ್ಡು ಹೇಳುತ್ತದೆ. ಆ ರಸ್ತೆಯಲ್ಲಿ ಗಟ್ಟಿಯಾಗಿ ಉಳಿದಿರುವುದು ಆ ಬೋರ್ಡು ಒಂದೇ. ಮಿಕ್ಕಿದ್ದೆಲ್ಲ ಗುಂಡಿ. ಮಳೆಗಾಲದಲ್ಲಂತೂ ಗುಂಡಿಯೂ ಕಾಣುವುದಿಲ್ಲ, ಬರೀ ನೀರು. ಯಾವ ನೀರಿನ ಕೆಳಗೆ ರಸ್ತೆ ಇದೆ, ಯಾವುದರ ಕೆಳಗೆ ಆಸ್ಪತ್ರೆ ಇದೆ ಎಂಬುದನ್ನು ಬಿದ್ದೇ ತಿಳಿಯಬೇಕು. ಬೋರ್ಡಿನಲ್ಲಿ ಕಂತ್ರಾಟದಾರನ ಹೆಸರು ದೊಡ್ಡ ಅಕ್ಷರದಲ್ಲಿದೆ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಆದರೂ ಆ ಹೆಸರನ್ನು ಹೋಗುವಾಗಲೂ ಬರುವಾಗಲೂ ಗಟ್ಟಿಯಾಗಿ ಓದುತ್ತೇನೆ, ಕೊನೆಗೊಂದು ಬೈಗುಳ ಸೇರಿಸಿ.

ಆ ಭಾನುವಾರ ನಾವು ಮೂವರು ಸೈಕಲ್ಲಿನ ಮೇಲೆ ಹೊರಟಿದ್ದೆವು. ಕಿಶೋರ ಪುಣೆಯಲ್ಲಿ ಅಪ್ಪನ ಕಾಲದ ಉಡುಪಿ ಹೋಟೆಲು ನಡೆಸುವವನು. ಅವನ ಸೈಕಲ್ಲಿನ ಬೆಲೆಗೆ ಎರಡು ಮೋಟಾರ್ ಸೈಕಲ್ಲು ಬರುತ್ತವೆ, ಆದರೆ ಅದಕ್ಕೊಂದು ಕ್ಯಾರಿಯರು ಇಲ್ಲ. ಸ್ನೇಹಲ್ ಭೋಸರಿಯಲ್ಲಿ ನಮ್ಮ ಕನ್ನಡದವರ ಚಾಳಿನಲ್ಲೇ ಹುಟ್ಟಿ ಬೆಳೆದವಳು. ನಾನು ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇಥ್ ನಡೆಸುವವನು, ಶಿವರಾಜ. ಬೇಸಿಗೆಯಲ್ಲಿ ಸ್ನೇಹಲ್ ಬೇರೊಂದು ಘಟ್ಟ ಇಳಿಯುವಾಗ ಗುಂಡಿಗೆ ಬಿದ್ದು ಎಡಭುಜದ ಎಲುಬು ಮುರಿದುಕೊಂಡಿದ್ದಳು. ಆಮೇಲೆ ಇದೇ ಮೊದಲ ಸವಾರಿ. ‘ಇವತ್ತು ಧೈರ್ಯ ಬಂದರೆ ಬಂತು, ಇಲ್ಲವಾದರೆ ಸೈಕಲ್ ಮಾರಿಬಿಡು’ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರು.

ಘಟ್ಟದ ಬುಡದಲ್ಲಿ ನನ್ನ ಚೈನು ಕಳಚಿತು. ಅದನ್ನು ಕೂರಿಸುವುದರೊಳಗೆ ಮೋಡ ಇಳಿದು ಮುಂದಿನ ಇಬ್ಬರೂ ಮಾಯವಾದರು. ಮೇಲಿನ ತಿರುವಿನಲ್ಲಿ ನಾವು ಸದಾ ನಿಲ್ಲುವ ನಾಗವ್ವನ ತಗಡಿನ ಚಹಾದಂಗಡಿ ಮುಟ್ಟಿದಾಗ ಕಿಶೋರ ಎರಡನೆಯ ಪ್ಲೇಟು ಭಜಿ ಮುಗಿಸುತ್ತಿದ್ದ. ಸ್ನೇಹಲ್ ಬೆಂಚಿನ ತುದಿಯಲ್ಲಿ ನಡುಗುತ್ತ ಕೂತಿದ್ದಳು.

“ಹತ್ತೂದೇನೋ ಹತ್ತೀನಿ. ಇಳಿಯೂದು ನನ್ನ ಕೈಲಿ ಆಗೂದಿಲ್ಲ,” ಎಂದಳು. “ಟೆಂಪೋದವಗ ಫೋನ್ ಮಾಡೀನಿ, ಬರ್ತಾನ. ಸೈಕಲ್ ಮಾರಾಕ ಯಾರರ ಗಿರಾಕಿ ಇದ್ರ ಹೇಳು.”

ಭರ್ ಎಂದು ಮಳೆ ತಗಡಿನ ಮೇಲೆ ಸುರಿಯತೊಡಗಿತು. ನಾನು ಕಂತ್ರಾಟದಾರನ ವಂಶವನ್ನೆಲ್ಲ ಜಾಲಾಡಿದೆ.

“ಏ ತಮ್ಮಾ,” ಎಂದಳು ನಾಗವ್ವ ಒಲೆಯ ಹಿಂದಿನಿಂದ, “ಅಷ್ಟು ಬೈಬ್ಯಾಡ, ನನ್ನ ಹಾಲು ಒಡೀತಾವ. ಟೆಂಪೋ ಬರೂತನಕ ಎಲ್ಲಾರೂ ಒಲಿ ಹತ್ರ ಸರೀರಿ. ಈ ರಸ್ತಾದ ಒಂದು ಮಾತು ಹೇಳ್ತೀನಿ.”

ಸರಿದು ಕೂತೆವು. ಮುದುಕಿ ಸೆರಗಿನಿಂದ ಕೈ ಒರೆಸಿಕೊಂಡಳು.

“ಕೇಳ್ರಿ... ಈ ರಸ್ತಾಕ ಖಡಿಕಲ್ಲು ಹೊತ್ತಾಕಿ ನಾನು. ಇಂಡಿ ಕಡಿಂದ ಕೂಲಿ ಗ್ಯಾಂಗಿನ ಜೋಡಿ ಬಂದಿದ್ವಿ. ಗ್ಯಾಂಗು ಮುಂದ ಹೋತು, ನಾ ಇಲ್ಲೇ ಉಳಿದೆ. ಆವಾಗ ಈ ಮ್ಯಾಲಿನ ಊರಾಗ ಮನೋಹರ ಅಂತ ಒಬ್ಬ ಹಾಲಿನವ ಇದ್ದ. ಮುಂಜಾನೆ ಸೈಕಲ್ಲಿಗೆ ಆ ಕಡೆ ಒಂದು ಕ್ಯಾನು, ಈ ಕಡೆ ಒಂದು ಕ್ಯಾನು ತೂಗಹಾಕ್ಕೊಂಡು ಭೋರಿಗೆ ಇಳಿಯಾಂವ. ಅವನ ಹಿಂದ ಯಾರಂತೀರಿ? ಸಾಲಿ ಹುಡುಗ್ಯಾರು! ಸರಕಾರ ಸೈಕಲ್ ಕೊಟ್ಟಿತ್ತು, ಚಲೋ ರಸ್ತಾ ಕೊಟ್ಟಿರಲಿಲ್ಲ. ಮಂಜು ಬಿದ್ದರ ತಮ್ಮ ಗಾಲಿ ತಮಗ ಕಾಣೂದಿಲ್ಲ... ಹಂಗಾಗಿ ಅವ ಮುಂದ, ಹುಡುಗ್ಯಾರು ಒಬ್ಬರ ಹಿಂದ ಒಬ್ಬರು. ಗುಂಡಿ ಬಂತೋ, ಅವ ಎಡಗೈ ಹಿಂದಕ್ಕ ಚಾಚಿ ಬೆರಳು ಕೆಳಗ ತೋರಸಾಂವ. ಅದನ್ನ ನೋಡಿ ಹಿಂದಿನಾಕಿ ತನ್ನ ಹಿಂದಿನಾಕಿಗೆ ತೋರಸಾಕಿ. ಮದುವಿ ಪಂಗತಿನ್ಯಾಗ ಎಲಿ ದಾಟಿಸಿದಂಗ, ಕೈಯಿಂದ ಕೈಗೆ ಗುಂಡಿ ದಾಟ್ಕೊಂತ ಹೋಗೂದು. ನೀವು ಈ ಬಿಗಿ ಚಡ್ಡಿ ಹಾಕ್ಕೊಂಡು ಬರೂಕಿಂತ ಮೊದಲಿನ ಮಾತಿದು, ಹೋಟೆಲ್ ಸಾಹುಕಾರ್ರ!”

ಕಿಶೋರ ಚಡ್ಡಿಯನ್ನು ಮೊಣಕಾಲಿನ ಕಡೆ ಎಳೆದುಕೊಂಡ.

“ಒಂದು ಮಳಿಗಾಲದಾಗ ಕೆಳಗಿನ ತಿರುವಿಗೆ ನೀರು ಹರಿಯಾಕ ರಸ್ತಾದ ಬುಡಕ ಹೊಸಾ ಮೋರಿ ಕಟ್ಟಿದ್ರು. ಸಿಮೆಂಟ್ ಎಷ್ಟು, ಮಣ್ಣೆಷ್ಟು ದೇವರಿಗೇ ಗೊತ್ತು... ಕಟ್ಟಿದವಗೂ ಗೊತ್ತು. ಮಳಿ ಹೊಡೆತಕ್ಕ ಮೋರಿ ಕೊಚ್ಕೊಂಡು ಹೋತು, ಮ್ಯಾಲಿನ ಡಾಂಬರು ಮಾತ್ರ ಹಪ್ಪಳದಂಗ ನಿಂತಿತ್ತು. ಮನೋಹರ ಅದರ ಮ್ಯಾಲೆ ಗಾಲಿ ಇಟ್ಟ. ಕೆಳಗ ಏನೂ ಇಲ್ಲ ಅಂತ ತಿಳೀತಲ್ಲ... ಆವಾಗ ಮನಷ್ಯಾ ಏನು ಮಾಡ್ತಾನ? ಹ್ಯಾಂಡಲ್ ಹಿಡೀತಾನ, ಎರಡೂ ಕೈಲೆ ಹಿಡೀತಾನ. ನೀ ಹಿಡಿಯೂದಿಲ್ಲೇನು? ನಾ ಹಿಡಿಯೂದಿಲ್ಲೇನು? ಅವ ಬಿಟ್ಟ! ಒಂದು ಕೈ ಬಿಟ್ಟು ಅಂಗೈ ಹಿಂದಕ್ಕ ಎತ್ತಿದ... ನಿಲ್ರಿ ಅಂತ. ಹುಡುಗ್ಯಾರು ನಿಂತ್ರು. ಅಷ್ಟೂ ಮಂದಿ ನಿಂತ್ರು. ಆ ಕೈ ಒಂದು ಗಳಿಗಿ ಮಂಜಿನ್ಯಾಗ ಕಂಡು... ಇಳದುಹೋತು.”

ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು. ನಾಗವ್ವ ಅದನ್ನು ಒಳಕ್ಕೆ ನೂಕಿದಳು.

“ಆಮ್ಯಾಲೆ ಏನು? ಸೈಕಲ್ಲು ಗ್ವಾಡಿಗೆ ಆನಿಸಿದ್ರು. ಕಲ್ತದ್ದು ಸಾಕು ಅಂದ್ರು ಮನ್ಯಾಗ. ಮೋರಿ ಮತ್ತೊಮ್ಮೆ ಕಟ್ಟಿದ್ರು, ಆದರೂ ಒಂದು ಹುಡುಗಿ ಇಳೀಲಿಲ್ಲ. ಶೀತಲ್ ಅಂತ ಇದ್ಲು, ಮನೋಹರನ ಬೆನ್ನಿಗೇ ಇರ್ತಿದ್ದಾಕಿ, ಆ ಕೈ ಕಣ್ಣಾರೆ ಕಂಡಾಕಿ. ಒಂದು ಮುಂಜಾನೆ ಯಾರಿಗೂ ಹೇಳದ ಸೈಕಲ್ ತೊಗೊಂಡು ಬಂದ್ಲು. ನಾ ಇಲ್ಲೇ ಒಲಿ ಹಚ್ಚಾಕತ್ತಿದ್ದೆ. ಮೊದಲು ಕ್ಯಾನಿನ ಸಪ್ಪಳ ಬಂತು... ದಪ್... ದಪ್... ತುಂಬಿದ ಕ್ಯಾನಿನ ಸಪ್ಪಳನ ಬ್ಯಾರೆ. ತಲಿ ಎತ್ತಿ ನೋಡ್ತೀನಿ, ರಸ್ತಾದಾಗ ಯಾರೂ ಇಲ್ಲ. ಅದರ ಹಿಂದ ಶೀತಲ್ ಹೋದ್ಲು, ಮುಂದ ನೆಟ್ಟ ಕಣ್ಣು ಕೀಳದ. ಹೋಗ್ಕೊಂತ ಎಡಗೈ ಹಿಂದಕ್ಕ ಚಾಚಿ ಬೆರಳು ತೋರಿಸಿದ್ಲು ನೋಡ್ರಿ... ಆಕಿ ಹಿಂದ ಒಂದು ನಾಯಿ ಸೈತ ಇಲ್ಲ! ಯಾರಿಗೆ ತೋರಸ್ತಾಳ? ಸಂಜಿಗೆ ತಡದು ಕೇಳಿದೆ. ‘ಮಾವಶಿ, ಮುಂದಿನ ಕೈ ನನಗ ತೋರಿಸ್ತು, ನಾ ಹಿಂದಿನವರಿಗೆ ದಾಟಿಸಿದೆ’ ಅಂದ್ಲು. ಹಿಂದಿನವರು ಯಾರ ಅಂದೆ. ನಕ್ಕು ಹೋದ್ಲು. ಮರುದಿನ ಇನ್ನಿಬ್ಬರು ಇಳದ್ರು. ದೀಪಾವಳಿ ಅನ್ನೂದ್ರಾಗ ಸಾಲಿಗೆ ಸಾಲೇ ಇಳೀತು. ಶೀತಲ್ ಈಗ ಭೋರಿನ್ಯಾಗ ಟೀಚರ್ ಅದಾಳ. ಈ ರಸ್ತಾ ಇನ್ನೂ ಹಿಂಗ ಅದ, ಆದ್ರ ಒಂದು ಹುಡುಗೀನೂ ಬಿದ್ದಿಲ್ಲ.”

ನನಗೆ ಶಾಲೆ ಬಿಟ್ಟ ದಿನ ನೆನಪಾಯಿತು. ನಮ್ಮ ಶಾಲೆ ಹೆದ್ದಾರಿಯ ಆಚೆ ಇತ್ತು. ಜತೆಯ ಹುಡುಗನೊಬ್ಬನಿಗೆ ಅಲ್ಲಿ ಲಾರಿ ಬಡಿದ ಮೇಲೆ ಅವ್ವ ನನ್ನನ್ನು ಕಳಿಸಲಿಲ್ಲ, ನಾನೂ ಹೋಗಲಿಲ್ಲ. ನಮ್ಮ ಮುಂದೆ ಯಾವ ಕೈಯೂ ಇರಲಿಲ್ಲ. ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ.

“ಎಂತ ಅಜ್ಜಿ, ಚಹಾ ಖರ್ಚಾಗಲಿಕ್ಕೆ ದೆವ್ವವಾ?” ಎಂದ ಕಿಶೋರ. “ಇದು ನಮಗೆ ಹೋಟೆಲಿನವರಿಗೆ ಗೊತ್ತಿರಲೇ ಇಲ್ಲ!”

ನಾಗವ್ವ ಅವನ ಕಡೆ ನೋಡಲಿಲ್ಲ. “ಯವ್ವಾ,” ಎಂದಳು ಸ್ನೇಹಲಳಿಗೆ, “ನೀ ಹತ್ತುವಾಗ ನಿನ್ನ ಮುಂದ ಯಾರಿದ್ರು?”

“ಕಿಶೋರ ದಾದಾ. ಪೂರಾ ಘಾಟ್ ಕೈ ತೋರಿಸ್ಕೊಂತ ಬಂದ್ರಲ್ಲ. ಇಲ್ಲಂದ್ರ ನಾ ಅರ್ಧಕ್ಕ ಇಳದುಬಿಡ್ತಿದ್ದೆ.”

“ನಾನಾ?” ಕಿಶೋರನ ಕೈಯಲ್ಲಿದ್ದ ಭಜಿ ಅಲ್ಲೇ ನಿಂತಿತು. “ನಾನು ಆಗಲೇ ಇಲ್ಲಿ ತಿಂತಾ ಕೂತಿದ್ದೆ ಮಾರಾಯ್ತಿ.”

“ಹಂಗಂದ್ರ... ಎರಡೂ ಕಡೆ ಬ್ಯಾಗು ತೂಗ್ತಿದ್ವಲ್ಲ? ಖಣ್ ಖಣ್ ಅಂತಿತ್ತಲ್ಲ?”

“ಹತ್ತುವಾಗ ಕ್ಯಾನು ಖಾಲಿ ಇರ್ತಾವಲ್ಲವಾ,” ಎಂದಳು ನಾಗವ್ವ, ಲೋಟ ತೊಳೆಯುತ್ತ.

ಹೊರಗೆ ಟೆಂಪೋ ಬಂದು ಹಾರ್ನ್ ಹೊಡೆಯಿತು. ಸ್ನೇಹಲ್ ಎದ್ದಳು. ರಸ್ತೆಯ ಕಡೆ ನೋಡುತ್ತ ಎಷ್ಟೋ ಹೊತ್ತು ನಿಂತಳು; ಮುರಿದು ಕೂಡಿದ ಎಡಭುಜವನ್ನು ಬಲಗೈಯಿಂದ ಒಮ್ಮೆ ಮುಟ್ಟಿಕೊಂಡಳು. ಆಮೇಲೆ ಟೆಂಪೋದವನ ಹತ್ತಿರ ಹೋಗಿ, “ದಾದಾ, ನಕೋ. ಮೀ ಸೈಕಲ್‌ನೇಚ್ ಜಾತೇ,” ಎಂದಳು; ಬೇಡ, ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದು. ಅವನು ಗೊಣಗಿದ. ಅವನ ಬಾಯಿಗೆ ಕಿಶೋರನ ಭಜಿ ಹಾಕಿ ಸಮಾಧಾನ ಮಾಡಿದೆವು.

“ಇಳಿಯುವಾಗನೂ ಇರ್ತಾನೇನಜ್ಜಿ?” ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಸ್ನೇಹಲ್ ಕೇಳಿದಳು.

“ಸಾಲು ಇದ್ರ ಅವ ಇರ್ತಾನ. ನೀ ಹಿಂದಿನವರಿಗೆ ದಾಟಸೂದು ಮರೀಬ್ಯಾಡ.”

ಹೊರಟೆವು. ಸ್ನೇಹಲ್ ತಾನೇ ಮುಂದಾದಳು, ಅವಳ ಹಿಂದೆ ನಾನು, ಕೊನೆಗೆ ಕಿಶೋರ. ಮೊದಲ ತಿರುವಿಗೆ ಮುಂಚೆಯೇ ಅವಳ ಎಡಗೈ ನೆಟ್ಟಗೆ ಹಿಂದಕ್ಕೆ ಬಂತು, ಬೆರಳು ಕೆಳಗೆ. ಅಲ್ಲಿ ನನಗೆ ಬರೀ ನೀರು ಕಾಣುತ್ತಿತ್ತು. ಆದರೂ ಹ್ಯಾಂಡಲ್ ತಿರುಗಿಸಿದೆ, ನನ್ನ ಕೈಯನ್ನೂ ಹಿಂದಕ್ಕೆ ಚಾಚಿದೆ. ಕಿಶೋರ ಗುಂಡಿ ತಪ್ಪಿಸಿಕೊಂಡು ಸುಮ್ಮನೆ ಬಂದ. ಕೊನೆಯವನು ಯಾರಿಗೆ ತೋರಿಸಬೇಕು?

ತಗಡಿನ ಕೆಳಗಿನಿಂದ ನಾಗವ್ವನ ಕೂಗು ಮಳೆಯನ್ನು ಸೀಳಿಕೊಂಡು ಬಂತು:

“ಹೋಟೆಲ್ ಸಾಹುಕಾರ್ರ... ನೀವೂ ಕೈ ತೋರಸ್ರಿ! ನಿಮ್ಮ ಹಿಂದೂ ಭಾಳ ಮಂದಿ ಅದಾರ!”